ಉಗಾಂಡಕ್ಕೆ ಹೊರಟವರಿಗೆ, ಕಳುಹಿಸುವವರಿಗೆ

ಕ್ರಿಸ್ತನಲ್ಲಿ ಪ್ರಿಯರಾದ ಅಯ್ಯನವರಿಗೆ, ಸಭಾ ಸಮಿತಿಯ ಹಿರಿಯರಿಗೆ, ಯಾತ್ರೆಗೆ ಹೆಸರು ಕೊಟ್ಟಿರುವ ತಮ್ಮಂದಿರಿಗೆ, ತಂಗಿಯರಿಗೆ, ಹಾಗೂ ಶಿವಮೊಗ್ಗ ಜಿಲ್ಲೆಯ ಎಲ್ಲ ಸಭೆಗಳ ಬಂಧುಗಳಿಗೆ ವಂದನೆಗಳು.

ಬರುವ ಜನವರಿಯಲ್ಲಿ ನಮ್ಮ ಸಭೆಯಿಂದ ಹದಿನಾಲ್ಕು ಮಂದಿ ಉಗಾಂಡಕ್ಕೆ ಸುವಾರ್ತಾ ಯಾತ್ರೆ ಹೋಗುತ್ತಾರೆಂದು ಆರಾಧನೆಯ ಕೊನೆಗೆ ಪ್ರಕಟಿಸಿದಿರಿ. ಒಟ್ಟು ಹನ್ನೆರಡು ದಿನ. ಉತ್ತರ ಭಾಗದ ನಿರಾಶ್ರಿತರ ನೆಲೆಯೊಂದರಲ್ಲಿ ಎರಡು ದಿನ ಉಚಿತ ವೈದ್ಯಕೀಯ ಶಿಬಿರ, ಉಳಿದ ದಿನಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ಸುವಾರ್ತಾ ಕೂಟ. ತಲಾ ಒಂದೂವರೆ ಲಕ್ಷದ ಲೆಕ್ಕದಲ್ಲಿ ಖರ್ಚು ಇಪ್ಪತ್ತು ಲಕ್ಷ ದಾಟುತ್ತದೆ. ಅದನ್ನು ತುಂಬಿಸಲು ಪ್ರತಿ ಮನೆಯಿಂದಲೂ 'ತ್ಯಾಗದ ಕಾಣಿಕೆ' ಬರಬೇಕು ಎಂದಿರಿ. ಅಲ್ಲಿಂದೀಚೆಗೆ ಭಾನುವಾರಗಳಲ್ಲಿ ಕೊಟ್ಟವರ ಹೆಸರು, ಮೊತ್ತ ಎರಡನ್ನೂ ಮೈಕಿನಲ್ಲಿ ಓದಲಾಗುತ್ತಿದೆ. ನಾನು ಸಮಿತಿಗೆ ಬರೆದುಕೊಟ್ಟ ಪ್ರಶ್ನೆಗಳಿಗೆ 'ಪ್ರಾರ್ಥನೆಯಲ್ಲಿ ನೆನೆಯಿರಿ, ಸಿಸ್ಟರ್' ಎಂಬ ಉತ್ತರ ಸಿಕ್ಕಿತು. ನೆನೆದಿದ್ದೇನೆ. ಪ್ರಶ್ನೆಗಳು ಮಾತ್ರ ಇದ್ದಲ್ಲೇ ಇವೆ. ಭದ್ರಾವತಿ, ಸಾಗರದ ಕಡೆಯ ಸಭೆಗಳಲ್ಲೂ ಇಂಥದೇ ಯಾತ್ರೆಗಳ ಮಾತು ನಡೆದಿದೆ ಎಂದು ಕೇಳಿದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲಿಗೇ ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ. ನಾನು ಯಾತ್ರೆಯ ವಿರೋಧಿಯಲ್ಲ. 'ನಮ್ಮ ಊರಿನಲ್ಲಿ ಬಡವರಿಗೆ ಬರವೇ, ಆಫ್ರಿಕಕ್ಕೆ ಯಾಕೆ ಹೋಗಬೇಕು' ಎಂದು ಕೇಳುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಹಾಗೆ ಕೇಳುವವರಲ್ಲಿ ಹೆಚ್ಚಿನವರು ಊರಿನ ಬಡವರಿಗೂ ಏನೂ ಕೊಟ್ಟವರಲ್ಲ. ಅಲ್ಲದೆ ಆ ಲೆಕ್ಕ ಹಿಡಿದಿದ್ದರೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿಯುತ್ತಲೇ ಇರಲಿಲ್ಲ. ಅವರ ಊರುಗಳಲ್ಲೂ ಆಗ ಹಸಿದವರು ಬೇಕಾದಷ್ಟಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕುಳಿತು ಕನ್ನಡಕ್ಕೆ ತಂದ ಸತ್ಯವೇದ 1831ರ ವೇಳೆಗೆ ಪೂರ್ತಿಯಾಯಿತು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನವರು ಶಿವಮೊಗ್ಗದವರೆಗೂ ಬಂದರು. ನಾವು ಯಾರದೋ 'ಹೊರದೇಶ'ವಾಗಿದ್ದವರು. ಯಾರೋ ದೂರದವರು ಹೊರಟು ಬಂದದ್ದರಿಂದ ನಮ್ಮ ಅಜ್ಜಿ ಮುತ್ತಜ್ಜಿಯರ ಕೈಗೆ ಅಕ್ಷರ ಸಿಕ್ಕಿತು, ಪ್ರಾರ್ಥನೆಗೆ ಒಂದು ಹೆಸರು ಸಿಕ್ಕಿತು.

ಆದರೆ ಅವರು ಬಂದ ರೀತಿಯನ್ನು ಸ್ವಲ್ಪ ನೋಡಿ. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ಜರ್ಮನಿಗೆ ಮರಳಿದವರು ಆ ಕೆಲಸ ಮುಗಿಸುವುದಕ್ಕೆಂದು ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿದರು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸುವ ಹೊತ್ತಿಗೆ ಈ ನೆಲದ ಮಾತು ಅವರ ನಾಲಗೆಯಲ್ಲಿ ಪಳಗಿತ್ತು. ಕ್ರೈಸ್ತರಾದವರಿಗೆ ಜಾತಿಯಿಂದ, ಮನೆಯಿಂದ, ಕಸುಬಿನಿಂದ ಹೊರಬೀಳುವ ಗತಿ ಬಂದಾಗ ಬಾಸೆಲ್ ಮಿಷನ್ ನೇಯ್ಗೆ ಶಾಲೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಂಬಿಕೆ ಹೇಳಿಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಅದರಿಂದ ಬಂದ ಕಷ್ಟಕ್ಕೂ ಹೆಗಲು ಕೊಟ್ಟಿತು. ಕರಾವಳಿಯ ಹಳೆಯ ಸ್ಮಶಾನಗಳಲ್ಲಿ ಅವರ ಎಳೆಯ ಮಕ್ಕಳ ಗೋರಿಗಳಿವೆ.

ಅವರನ್ನು ದೇವದೂತರು ಎನ್ನುತ್ತಿಲ್ಲ. ಅವರಲ್ಲಿ ಕೆಲವರು ಇಲ್ಲಿಯವರ ದೇವರ ಬಗ್ಗೆ, ಪೂಜೆಯ ಬಗ್ಗೆ ಬರೆದ ಮಾತುಗಳನ್ನು ಓದಿದರೆ ಇಂದಿಗೂ ಮುಜುಗರವಾಗುತ್ತದೆ. ಆದರೂ ತ್ಯಾಗ ಮಾಡಿದವರು ಹೊರಟವರೇ. ಹೊರಡುವವರ ಟಿಕೆಟ್ಟಿಗೆ ಉಳಿದವರ ಹತ್ತಿರ ತ್ಯಾಗ ಕೇಳುವ ಪದ್ಧತಿ ಈಚಿನದು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ.

ಹೆಸರು ಓದುವ ಕ್ರಮದ ಬಗ್ಗೆ ಬರೆಯದೆ ಇರಲಾರೆ. ನಮ್ಮ ಸಭೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ತೀರ್ಥಹಳ್ಳಿ ರಸ್ತೆಯ ಕಡೆಯವಳು. ಗಂಡ ಇಲ್ಲ. ಈಗ ಅಡಿಕೆ ಕೊಯ್ಲಿನ ಕಾಲ. ಸಂಜೆ ಊಟ ಮುಗಿಸಿ ಯಜಮಾನರ ಅಂಗಳಕ್ಕೆ ಸುಲಿಯಲು ಹೋದರೆ ಮನೆಗೆ ಬರುವುದು ನಡುರಾತ್ರಿಗೆ. ಮೆಟ್ಟುಗತ್ತಿಯ ಹಲಗೆಯ ಮೇಲೆ ಕಾಲೂರಿ ಕುಳಿತು ಹಸಿ ಅಡಿಕೆಯನ್ನು ಒಂದೊಂದಾಗಿ ಅಲಗಿಗೆ ಒತ್ತಿ ಸಿಪ್ಪೆ ಬಿಡಿಸಬೇಕು. ಕೂಲಿ ಡಬ್ಬದ ಲೆಕ್ಕ. ಚೊಗರು ಹಿಡಿದ ಬೆರಳುಗಳು ಭಾನುವಾರದ ಹೊತ್ತಿಗೂ ಬೆಳ್ಳಗಾಗಿರುವುದಿಲ್ಲ. ಆ ಬೆರಳುಗಳಲ್ಲಿ ಹಿಡಿದು ತಂದ ಲಕೋಟೆಯಲ್ಲಿದ್ದ ಮೊತ್ತವನ್ನು ಮೈಕಿನಲ್ಲಿ ಓದಿದರು. ಅದರ ಹಿಂದೆಯೇ ಇಪ್ಪತ್ತೈದು ಸಾವಿರ ಕೊಟ್ಟವರ ಹೆಸರು ಬಂತು, ಚಪ್ಪಾಳೆಯೂ ಬಿತ್ತು. ಮುಂದಿನ ವಾರ ಆಕೆ ಇನ್ನೊಂದು ಲಕೋಟೆ ತಂದಳು. 'ಯಾಕಮ್ಮ, ಹೋದ ವಾರ ಕೊಟ್ಟಿದ್ದೆಯಲ್ಲ' ಎಂದೆ. 'ಅದು ಕಡಿಮೆಯಾಯಿತು ಅನ್ನಿಸಿತು ಸಿಸ್ಟರಮ್ಮ' ಎಂದಳು. ಮಗನ ಹಾಸ್ಟೆಲ್ ಶುಲ್ಕಕ್ಕೆ ತೆಗೆದಿಟ್ಟ ಹಣವದು ಎಂದು ಆಮೇಲೆ ತಿಳಿಯಿತು.

ಈ ಸಂಗತಿ ಹೇಳಿದಾಗ ಹಿರಿಯರೊಬ್ಬರು ತಕ್ಷಣ ಬಡ ವಿಧವೆಯ ಎರಡು ಕಾಸುಗಳನ್ನು ನೆನಪಿಸಿದರು. ಆ ಭಾಗ ನನಗೂ ಬಾಯಿಪಾಠ. ಆದರೆ ಮಾರ್ಕನ ಸುವಾರ್ತೆಯ ಹನ್ನೆರಡನೇ ಅಧ್ಯಾಯವನ್ನು 41ನೇ ವಚನದಿಂದ ಓದುವುದು ನಮ್ಮೆಲ್ಲರಿಗೂ ಅಭ್ಯಾಸವಾಗಿದೆ. ಮೂರು ವಚನ ಹಿಂದಕ್ಕೆ ಹೋಗಿ 38ರಿಂದ 40ರವರೆಗೆ ಓದಿ. ನಿಲುವಂಗಿ ತೊಟ್ಟು ಪೇಟೆಯಲ್ಲಿ ನಮಸ್ಕಾರ ಬಯಸುವ, ನಟನೆಗಾಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂದು ಕರ್ತನು ಬಯ್ದ ಮಾತು ಅಲ್ಲಿದೆ. ಅದರ ಬೆನ್ನಿಗೇ ಆ ವಿಧವೆ ಬರುತ್ತಾಳೆ, ಇದ್ದದ್ದನ್ನೆಲ್ಲ ಹಾಕುತ್ತಾಳೆ. ಅವಳನ್ನು ಆತ ಮೆಚ್ಚಿದ. ಅವಳ ಕಾಸಿಗೆ ಪೆಟ್ಟಿಗೆ ಒಡ್ಡಿದವರನ್ನು ಮೆಚ್ಚಿದನೆಂದು ಎಲ್ಲಿಯೂ ಬರೆದಿಲ್ಲ. ಅಂದ ಹಾಗೆ, ಅವಳ ಹೆಸರನ್ನೂ ಯಾರೂ ಓದಿ ಹೇಳಲಿಲ್ಲ. ಇಂದಿಗೂ ನಮಗೆ ಗೊತ್ತಿಲ್ಲ.

ತ್ಯಾಗದ ಮಾತನ್ನು ಮಲೆನಾಡಿನವರ ಮುಂದೆ ಎತ್ತುವಾಗ ಇನ್ನೂ ಸ್ವಲ್ಪ ಎಚ್ಚರ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳು, ತೋಟಗಳು, ಗದ್ದೆಗಳು ಮುಳುಗಿದವು. ನಾಡಿಗೆ ವಿದ್ಯುತ್ ಬಂತು. ಮುಳುಗಡೆಯ ಕುಟುಂಬಗಳನ್ನು ಭಾಷಣಗಳಲ್ಲಿ 'ತ್ಯಾಗಿಗಳು' ಎಂದು ಹೊಗಳಿದ್ದೇ ಹೊಗಳಿದ್ದು. ಅವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಯಾರೂ ಅವರನ್ನು 'ಕೊಡುತ್ತೀರಾ' ಎಂದು ಕೇಳಿರಲಿಲ್ಲ. ಕೇಳದೆ ತೆಗೆದುಕೊಂಡು ತ್ಯಾಗ ಎಂದು ಹೆಸರಿಟ್ಟದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಜಿಲ್ಲೆ ಇದು. ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೆ ಸಂಬಳ ಕಳೆದುಕೊಂಡ ಮನೆಗಳೂ ನಮ್ಮ ಸಭೆಯಲ್ಲಿವೆ. ಅವರೆದುರು ಮೈಕಿನಲ್ಲಿ ಮೊತ್ತ ಓದುವುದು ಕೇಳಿಕೆಯಾಗಿ ಉಳಿಯುವುದಿಲ್ಲ, ವಸೂಲಿಯಾಗುತ್ತದೆ.

ಪೌಲನೂ ಹಣ ಸಂಗ್ರಹಿಸಿದ. ಯೆರೂಸಲೇಮಿನ ಬಡವರಿಗಾಗಿ ಊರೂರು ಸುತ್ತಿ ಸಂಗ್ರಹಿಸಿದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯವನ್ನು ಸಮಿತಿಯವರು ಮುಂದಿನ ಸಭೆಯಲ್ಲಿ ಪೂರ್ತಿ ಓದಬೇಕೆಂದು ನನ್ನ ಬೇಡಿಕೆ. ಮಕೆದೋನ್ಯದವರು ಕಡುಬಡತನದಲ್ಲೂ ಕೈಮೀರಿ ಕೊಟ್ಟರು, ತಾವಾಗಿಯೇ ಕೊಟ್ಟರು, ಕೊಡಲು ಅವಕಾಶ ಮಾಡಿ ಎಂದು ಅವರೇ ಬೇಡಿಕೊಂಡರು ಎಂಬುದನ್ನು ನಾವು ಪ್ರಸಂಗಗಳಲ್ಲಿ ಕೇಳಿದ್ದೇವೆ. ಅದೇ ಅಧ್ಯಾಯದಲ್ಲಿ ಇನ್ನೆರಡು ಸಂಗತಿಗಳಿವೆ, ಅವು ಅಷ್ಟಾಗಿ ಪ್ರಸಂಗಕ್ಕೆ ಬರುವುದಿಲ್ಲ. ಇಲ್ಲದ್ದನ್ನು ಯಾರಿಂದಲೂ ಕೇಳುತ್ತಿಲ್ಲ, ಇತರರ ಭಾರ ಇಳಿಸಲು ನಿಮ್ಮ ಮೇಲೆ ಭಾರ ಹೊರಿಸುವುದು ಉದ್ದೇಶವಲ್ಲ, ಸಮಾನತೆ ಇರಲಿ ಎಂಬುದು ಒಂದು. ದೊಡ್ಡ ಮೊತ್ತ ಕೈಯಲ್ಲಿರುವುದರಿಂದ ಯಾರೂ ತಪ್ಪು ಹುಡುಕಬಾರದೆಂದು ತನ್ನ ಜೊತೆಗಾರ ತೀತನೊಂದಿಗೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸುತ್ತೇನೆ ಎಂಬುದು ಇನ್ನೊಂದು. ಎರಡು ಸಾವಿರ ವರ್ಷಗಳ ಹಿಂದೆಯೇ ಲೆಕ್ಕಪರಿಶೋಧನೆ! ನಮ್ಮ ಯಾತ್ರೆಯ ಖರ್ಚಿನ ಅಂದಾಜು ಪಟ್ಟಿಯನ್ನು ಇಲ್ಲಿಯವರೆಗೆ ಯಾರೂ ಕಂಡಿಲ್ಲ.

ಬಡವರು ಕೊಡಲೇಬಾರದು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಹಾಗೆ ಹೇಳುವುದು ಅವರಿಗೆ ಮಾಡುವ ಅವಮಾನ. ಮಿಜೋರಾಂನ ಸಭೆಗಳಲ್ಲಿ 'ಬುಹ್‌ಫೈ ಥಾಮ್' ಎಂಬ ಪದ್ಧತಿಯಿದೆ, 1910ರ ಸುಮಾರಿಗೆ ಆರಂಭವಾದದ್ದು. ಪ್ರತಿ ಸಲ ಅನ್ನಕ್ಕೆ ಅಕ್ಕಿ ತೆಗೆಯುವಾಗ ಮನೆಯ ಹೆಂಗಸು ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾಳೆ. ವಾರಕ್ಕೊಮ್ಮೆ ಅದನ್ನು ಒಟ್ಟುಗೂಡಿಸಿ ಮಾರುತ್ತಾರೆ, ಹಣ ಸಭೆಯ ಸೇವೆಗೆ ಹೋಗುತ್ತದೆ. ಅಷ್ಟೇನೂ ಸಿರಿವಂತವಲ್ಲದ ಆ ಗುಡ್ಡಗಾಡು ರಾಜ್ಯ ತನ್ನ ಮಿಷನರಿಗಳನ್ನು ತಾನೇ ಸಾಕುವುದರಲ್ಲಿ ಆ ಹಿಡಿಯ ಪಾಲು ದೊಡ್ಡದು. ನೋಡಿ, ಅಲ್ಲಿ ಕೊಡುವುದು ಎಷ್ಟೆಂದು ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ. ಅಕ್ಕಿ ಒಂದೇ ಮೂಟೆಗೆ ಬಿದ್ದ ಮೇಲೆ ಯಾರ ಹಿಡಿ ದೊಡ್ಡದು ಯಾರದು ಸಣ್ಣದು ಎಂದು ಮೈಕಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸುಗ್ಗಿಯ ಕಾಣಿಕೆಯ ಹರಾಜು ಇದೆಯಲ್ಲ, ಬಾಳೆಗೊನೆ, ಕುಂಬಳಕಾಯಿ, ನಾಟಿಕೋಳಿ ತಂದಿಟ್ಟು ಕೂಗುವುದು, ಅದೂ ಚೆಂದವೇ. ಹರಾಜಿನಲ್ಲಿ ಕೂಗುವವರು ಉಳ್ಳವರು, ತಂದಿಟ್ಟವರ ಹೆಸರನ್ನು ಯಾರೂ ಕೇಳುವುದಿಲ್ಲ. ಉಗಾಂಡದ ಹಳ್ಳಿಯ ಚರ್ಚುಗಳಲ್ಲೂ ಮೊಟ್ಟೆ, ಜೋಳ, ಕೋಳಿ ತಂದು ಕಾಣಿಕೆಯಿಟ್ಟು ಆರಾಧನೆಯ ನಂತರ ಹರಾಜು ಹಾಕುವ ರೂಢಿಯಿದೆ. ನಮ್ಮ ತಂಡದವರಿಗೆ ಅಲ್ಲಿ ಮನೆಯಲ್ಲೇ ಇದ್ದ ಹಾಗಾಗುತ್ತದೆ.

ಉಗಾಂಡ ಎಂದೆನಲ್ಲ, ಅಲ್ಲಿಯವರು ಯಾರೆಂದು ನಮ್ಮ ಪ್ರಕಟಣೆಗಳಲ್ಲಿ ಒಂದು ಸಾಲೂ ಇಲ್ಲ. 'ಸುವಾರ್ತೆ ತಲುಪದ ಜನ' ಎಂದು ಕರಪತ್ರದಲ್ಲಿ ಅಚ್ಚಾಗಿದೆ. ಉಗಾಂಡದಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಕ್ರೈಸ್ತರು. ಆಂಗ್ಲಿಕನ್ ಮಿಷನರಿಗಳು ಅಲ್ಲಿಗೆ 1877ರಲ್ಲಿ, ಕಥೋಲಿಕರು 1879ರಲ್ಲಿ ಹೋದರು. ಹತ್ತು ವರ್ಷ ತುಂಬುವ ಮೊದಲೇ ಉಗಾಂಡದೊಳಗಿನ ಬುಗಾಂಡ ಎಂಬ ರಾಜ್ಯದ ಅರಸನ ಆಳ್ವಿಕೆಯಲ್ಲಿ ನಂಬಿಕೆ ಬಿಡಲೊಪ್ಪದ ಯುವಕರು ಪ್ರಾಣ ಕೊಟ್ಟರು. 1886ರ ಜೂನ್ 3ರಂದು ನಮುಗೊಂಗೊದಲ್ಲಿ ಹಲವರನ್ನು ಜೀವಂತ ಸುಟ್ಟರು. ಪ್ರತಿ ವರ್ಷ ಆ ದಿನಕ್ಕೆ ಲಕ್ಷಾಂತರ ಜನ ಸೇರುತ್ತಾರೆ, ಎಷ್ಟೋ ಮಂದಿ ವಾರಗಟ್ಟಲೆ ನಡೆದೇ ಬರುತ್ತಾರೆ. ಅಂಥವರ ಊರಿಗೆ ಹೋಗಿ, ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, 'ನಿಮಗೆ ಯೇಸು ಗೊತ್ತೇ' ಎಂದು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಮರ್ಯಾದಸ್ಥರು.

ತ್ಯಾಗದ ಪಾಠವೂ ಅಷ್ಟೇ. ದಕ್ಷಿಣ ಸುಡಾನಿನಿಂದ, ಕಾಂಗೋದಿಂದ ಓಡಿಬಂದವರೂ ಸೇರಿ ಹದಿನೈದು ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಆ ಬಡ ದೇಶ ಇರಿಸಿಕೊಂಡಿದೆ. ಅಲ್ಲಿಯ 2006ರ ಕಾನೂನು ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕು ಕೊಡುತ್ತದೆ. ಬೇಲಿಯೊಳಗೆ ಕೂಡಿಹಾಕುವ ಬದಲು ಗುಡಿಸಲಿಗೂ ಬೇಸಾಯಕ್ಕೂ ತುಂಡು ನೆಲ ಕೊಡುತ್ತಾರೆ. 2016ರಲ್ಲಿ ಬಿಡಿಬಿಡಿ ನೆಲೆ ಶುರುವಾದಾಗ ಕೆಲವೇ ತಿಂಗಳಲ್ಲಿ ಎರಡೂವರೆ ಲಕ್ಷದಷ್ಟು ಜನ ಬಂದು ಸೇರಿದರು. ಅಷ್ಟು ಜನಕ್ಕೆ ನೆಲ ಬಂದದ್ದು ಎಲ್ಲಿಂದ? ಬಿಡಿಬಿಡಿ ಇರುವ ವೆಸ್ಟ್ ನೈಲ್ ಸೀಮೆಯಲ್ಲಿ ಭೂಮಿ ಬಹುಪಾಲು ಅಲ್ಲಿಯ ಕುಲಗಳ, ಕುಟುಂಬಗಳ ಕೈಯಲ್ಲಿದೆ. ಹಿರಿಯರು ಕುಳಿತು ಮಾತಾಡಿ ಬಿಟ್ಟುಕೊಟ್ಟರು. ಅವರಲ್ಲಿ ಅನೇಕರು ಹಿಂದೊಮ್ಮೆ ತಾವೇ ಗಡಿ ದಾಟಿ ಸುಡಾನಿನಲ್ಲಿ ಆಶ್ರಯ ಪಡೆದಿದ್ದವರು. ಶರಾವತಿಯ ಮುಳುಗಡೆಯನ್ನು ಕಂಡ ಜಿಲ್ಲೆಯಿಂದ ಹೋಗುವ ನಮ್ಮವರು ಅಲ್ಲಿ ಬಾಯಿ ತೆರೆಯುವ ಮೊದಲು ಒಂದು ದಿನ ಪೂರ್ತಿ ಆ ಹಿರಿಯರ ಜಗುಲಿಯಲ್ಲಿ ಕುಳಿತು ಕೇಳಿಸಿಕೊಂಡು ಬಂದರೂ ಟಿಕೆಟ್ಟಿನ ಅರ್ಧ ಹಣ ವಸೂಲಾದ ಹಾಗೆ.

ಇನ್ನೊಂದು ವಿಷಯ. ಅಲ್ಲಿಯವರಿಗೆ ಭಾರತೀಯರ ಮುಖ ಹೊಸದಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಿದವರಲ್ಲಿ ಸಾವಿರಾರು ಮಂದಿ ನಮ್ಮ ದೇಶದ ಕೂಲಿಗಳು. ಆಮೇಲೆ ಅಂಗಡಿ, ಸಕ್ಕರೆ ಕಾರ್ಖಾನೆ, ಹತ್ತಿ ಗಿರಣಿಗಳಲ್ಲಿ ಭಾರತೀಯರದ್ದೇ ಕೈ ಮೇಲಾಯಿತು. 1972ರಲ್ಲಿ ಇದಿ ಅಮೀನ್ ತೊಂಬತ್ತು ದಿನಗಳ ಗಡುವು ಕೊಟ್ಟು ಅವರನ್ನು ಹೊರಗಟ್ಟಿದ. ಅದು ದೊಡ್ಡ ಅನ್ಯಾಯ. ಆದರೆ ಹಳ್ಳಿಯ ಹಿರಿಯನ ನೆನಪಿನಲ್ಲಿ ಭಾರತೀಯ ಎಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ನಮ್ಮ ತಂಡ ಬಿಸ್ಕತ್ತಿನ ಡಬ್ಬ ಹಂಚುತ್ತಾ ಇಳಿದರೆ ಆ ಚಿತ್ರ ಬದಲಾಗುವುದಿಲ್ಲ, ಗಲ್ಲಾಪೆಟ್ಟಿಗೆಯವನು ಇವತ್ತು ಧಾರಾಳಿಯಾಗಿದ್ದಾನೆ ಎಂದಷ್ಟೇ ಆಗುತ್ತದೆ.

ಈಗ ನನಗೆ ಚೆನ್ನಾಗಿ ಗೊತ್ತಿರುವ ಕೆಲಸಕ್ಕೆ ಬರುತ್ತೇನೆ, ವೈದ್ಯಕೀಯ ಶಿಬಿರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಒಂದು ದಿನದ ಶಿಬಿರಗಳ ಮರುದಿನ ಏನಾಗುತ್ತದೆಂದು ನಮ್ಮಂಥವರಿಗೆ ಗೊತ್ತು. ಎಂದೂ ರಕ್ತದೊತ್ತಡ ನೋಡಿಸಿಕೊಳ್ಳದ ಅಜ್ಜಿಗೆ ಒತ್ತಡ ಇನ್ನೂರರ ಹತ್ತಿರ ಬರುತ್ತದೆ. ಶಿಬಿರದ ವೈದ್ಯರು ಹದಿನೈದು ದಿನದ ಮಾತ್ರೆ ಕೊಟ್ಟು ಬೆನ್ನು ತಟ್ಟುತ್ತಾರೆ. ಹದಿನಾರನೇ ದಿನ ಮಾತ್ರೆ ಇಲ್ಲ. ತಲೆನೋವು ಹೋಯಿತಲ್ಲ ಎಂದು ಅಜ್ಜಿಯೂ ಸುಮ್ಮನಾಗುತ್ತಾಳೆ. ಮತ್ತೆ ಆಸ್ಪತ್ರೆಗೆ ಬರುವುದು ಒಂದು ಪಕ್ಕ ಬಿದ್ದುಹೋದ ಮೇಲೆ. ಸಕ್ಕರೆ ಕಾಯಿಲೆಯದ್ದೂ ಇದೇ ಕಥೆ. ಇಲ್ಲಿಯಾದರೆ ಆಶಾ ಕಾರ್ಯಕರ್ತೆ ಇದ್ದಾಳೆ, ಉಪಕೇಂದ್ರ ಇದೆ, ಹೇಗೋ ಎಳೆದು ತರುತ್ತೇವೆ. ಅಲ್ಲಿ ಹೆಸರೂ ತಿಳಿಯದ ಊರಿನಲ್ಲಿ ಮಾತ್ರೆ ಹಂಚಿ ವಿಮಾನ ಹತ್ತಿದರೆ ಅದಕ್ಕೆ ಸೇವೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಔಷಧಿಗಳನ್ನು ಇಲ್ಲಿಂದಲೇ ಪೆಟ್ಟಿಗೆಗಟ್ಟಲೆ ಒಯ್ಯುವ ಯೋಜನೆ ಇದೆಯಂತೆ. ಔಷಧ ಅಂಗಡಿಯವರು ಅವಧಿ ಮುಗಿಯಲು ಬಂದದ್ದನ್ನು ಉದಾರವಾಗಿ ಕೊಡುತ್ತಾರೆ, ಅದೂ ಗೊತ್ತು. ಕಂಪಾಲಾದಲ್ಲಿ ಕಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ವೈದ್ಯಕೀಯ ಮಂಡಳಿಗಳು ಸೇರಿ 1979ರಲ್ಲಿ ಕಟ್ಟಿದ 'ಜಾಯಿಂಟ್ ಮೆಡಿಕಲ್ ಸ್ಟೋರ್' ಇದೆ. ಅಲ್ಲಿಯ ಮಿಷನ್ ಆಸ್ಪತ್ರೆಗಳಿಗೆ ಔಷಧಿ ಹೋಗುವುದು ಅಲ್ಲಿಂದ. ಹಣ ಕೊಟ್ಟರೆ ಅಲ್ಲಿಯ ಕಾಯಿಲೆಗೆ ಬೇಕಾದದ್ದು, ಅಲ್ಲಿಯ ನರ್ಸ್ ಓದಬಲ್ಲ ಚೀಟಿ ಅಂಟಿಸಿದ್ದು 'ಅಲ್ಲಿಯೇ' ಸಿಗುತ್ತದೆ. ನಿರಾಶ್ರಿತರ ನೆಲೆಯೊಳಗೆ ಕಾಲಿಡಲು ಅಲ್ಲಿಯ ಪ್ರಧಾನಿ ಕಚೇರಿಯ ಅನುಮತಿ ಬೇಕು. ಹೊರದೇಶದ ವೈದ್ಯರು, ನರ್ಸುಗಳು ರೋಗಿಯನ್ನು ಮುಟ್ಟಲು ಅಲ್ಲಿಯ ಮಂಡಳಿಗಳ ತಾತ್ಕಾಲಿಕ ಪರವಾನಗಿ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ವೇದಿಕೆ ಹತ್ತಬಹುದೇ ಎಂದು ಅವರ ರಾಯಭಾರ ಕಚೇರಿಯಲ್ಲಿ ಕೇಳಿದ್ದೀರಾ? ನಮ್ಮ ದೇಶದಲ್ಲಂತೂ ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಬೋಧನೆ ಮಾಡುವಂತಿಲ್ಲ. ಇಲ್ಲಿಯ ಧರ್ಮಾರ್ಥ ಟ್ರಸ್ಟಿನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ ಎಂಬುದನ್ನು ಖಜಾಂಚಿಯವರು ನಮ್ಮ ಲೆಕ್ಕಿಗರ ಹತ್ತಿರ ಕೇಳಿ ತಿಳಿಯಲಿ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಇಲ್ಲದೆ ಉಗಾಂಡದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಕುಟುಂಬದವು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಜಗತ್ತಿನ ವೈದ್ಯ ಪುಸ್ತಕಗಳಿಗೆ ಸೇರಿದ ಕಾಯಿಲೆ ಅದು.

ಮಂಗನ ಕಾಯಿಲೆ ಎಂದಾಗ ನೆನಪಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಜೀವ ತೆಗೆಯುತ್ತಿದ್ದಾಗ ನೆರವು ಹೊತ್ತು ಬಂದವರಲ್ಲಿ ಎರಡು ಬಗೆಯವರನ್ನು ನೋಡಿದೆ. ಒಂದು ಬಗೆಯವರು ಒಂದೇ ಬಣ್ಣದ ಅಂಗಿ ತೊಟ್ಟು ಬಂದರು, ಬ್ರೆಡ್ಡು, ಹಣ್ಣು ಹಂಚಿದರು, ಜ್ವರದಲ್ಲಿ ನಡುಗುತ್ತಿದ್ದವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಇನ್ನೊಂದು ಬಗೆಯವರು ಜಗುಲಿಯಲ್ಲಿ ಕುಳಿತು 'ನಿಮಗೆ ಏನು ಬೇಕು' ಎಂದು ಕೇಳಿದರು. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಸಾಕಷ್ಟು ಬೇಕು, ಮಣಿಪಾಲಕ್ಕೆ ರೋಗಿಯನ್ನು ಒಯ್ಯಲು ವಾಹನ ಬೇಕು, ಆಸ್ಪತ್ರೆಯಲ್ಲಿ ಕಾಯುವವರಿಗೆ ಊಟಕ್ಕೆ ಕಾಸು ಬೇಕು ಎಂದು ಜನ ಹೇಳಿದರು. ಅಷ್ಟನ್ನೇ ಒದಗಿಸಿದರು. ಅವರಲ್ಲೊಬ್ಬರು ಮುಸಲ್ಮಾನರು, ಒಬ್ಬರು ನಮ್ಮವರು. ಯಾರು ಯಾವ ದೇವರ ಕಡೆಯವರೆಂದು ಆ ಊರಿನವರು ವಿಚಾರಿಸಿಕೊಂಡದ್ದು ಎಷ್ಟೋ ದಿನಗಳ ಮೇಲೆ.

ಇದರಿಂದಲೇ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕಾರ್ಯಕ್ರಮ ಪಟ್ಟಿಯಲ್ಲಿ 'ಶಿಬಿರಕ್ಕೆ ಬಂದವರಿಗೆ ಮೊದಲು ಸುವಾರ್ತೆ, ನಂತರ ತಪಾಸಣೆ, ಆಹಾರದ ಪೊಟ್ಟಣ' ಎಂದಿದೆ. ಈ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಹಣ ಸಾಲದೆ ವಿಶ್ವ ಆಹಾರ ಕಾರ್ಯಕ್ರಮವು ಉಗಾಂಡದ ನಿರಾಶ್ರಿತರ ಪಡಿತರವನ್ನು ಕಡಿತ ಮಾಡುತ್ತಾ ಬಂದಿದೆ. ಹಸಿದ ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿ ಪೊಟ್ಟಣದ ಆಸೆಗೆ ನಮ್ಮ ಎಷ್ಟುದ್ದದ ಪ್ರಸಂಗವನ್ನಾದರೂ ಕೇಳುತ್ತಾಳೆ. ಕೊನೆಗೆ ಕೈ ಎತ್ತಿ ಎಂದರೆ ಎತ್ತುತ್ತಾಳೆ. ಆ ಕೈಗಳನ್ನು ಎಣಿಸಿಕೊಂಡು ಬಂದು ಇಲ್ಲಿ ಸಾಕ್ಷಿ ಹೇಳುವುದೇ?

ನಮ್ಮ ನಾಡಿನಲ್ಲಿ 'ಆಮಿಷ ಒಡ್ಡಿ ಮತಾಂತರ ಮಾಡುತ್ತಾರೆ' ಎಂಬ ಆರೋಪವನ್ನು ನಾವು ತಲೆಮಾರುಗಳಿಂದ ಕೇಳುತ್ತಿದ್ದೇವೆ. 2022ರಲ್ಲಿ ಅದರ ಮೇಲೆ ಒಂದು ಕಾಯಿದೆಯೇ ಬಂತು. ಪ್ರಾರ್ಥನಾ ಕೂಟದ ಬಾಗಿಲಿಗೆ ಜನ ಬಂದು ಕೂಗಿದ ದಿನಗಳಲ್ಲಿ ನಾವು ಹೇಳಿದ್ದೇನು? 'ನಾವು ಅನ್ನ ತೋರಿಸಿ ನಂಬಿಕೆ ಕೊಳ್ಳುವವರಲ್ಲ' ಎಂದೆವು. ಇಲ್ಲಿ ಹಾಗೆ ಹೇಳಿ, ಯಾರೂ ಪ್ರಶ್ನಿಸಲಾರದ ದೂರದ ನೆಲದಲ್ಲಿ ಅದನ್ನೇ ಮಾಡಿದರೆ, ನಮ್ಮ ಮೇಲಿನ ಆರೋಪಕ್ಕೆ ನಾವೇ ಸಾಕ್ಷಿ ಒದಗಿಸಿದ ಹಾಗಾಗುತ್ತದೆ. ಇದು ನನ್ನೊಬ್ಬಳ ತಕರಾರೂ ಅಲ್ಲ. 2011ರ ಜೂನ್‌ನಲ್ಲಿ ವಿಶ್ವ ಚರ್ಚುಗಳ ಮಂಡಳಿ, ವ್ಯಾಟಿಕನ್ನಿನ ಅಂತರ್ಧರ್ಮೀಯ ಸಂವಾದ ಮಂಡಳಿ ಮತ್ತು ವಿಶ್ವ ಇವ್ಯಾಂಜಲಿಕಲ್ ಒಕ್ಕೂಟ ಒಟ್ಟಾಗಿ ಕ್ರೈಸ್ತ ಸಾಕ್ಷಿಯ ನಡವಳಿಕೆಯ ಬಗ್ಗೆ ಒಂದು ದಾಖಲೆ ಹೊರಡಿಸಿದವು. ಬೇರೆ ವಿಷಯಗಳಲ್ಲಿ ಮುಖ ನೋಡಿ ಮಾತಾಡಲೂ ಕಷ್ಟಪಡುವ ಈ ಮೂವರು ಅಲ್ಲಿ ಒಪ್ಪಿಕೊಂಡ ಮಾತುಗಳಲ್ಲಿ ಇದೂ ಒಂದು: ಜನರ ಬಡತನ, ಕೊರತೆಗಳನ್ನು ದುರುಪಯೋಗ ಮಾಡಬಾರದು, ಸೇವೆಯಲ್ಲಿ ಹಣದ ಅಥವಾ ಬಹುಮಾನದ ಆಮಿಷ ಇರಕೂಡದು.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ ಎಂದು ಯುವಜನ ಸಂಘದ ಹುಡುಗರು ನನ್ನನ್ನು ಕೇಳಿದರು. ಬೇಡ. ನಾನೂ ಬಾಯಿ ಮುಚ್ಚಿಕೊಂಡು ಇದ್ದವಳಲ್ಲ. ರಾತ್ರಿ ಪಾಳಿಯಲ್ಲಿ ಯಾರಾದರೂ 'ಇಷ್ಟೆಲ್ಲ ಹೇಗೆ ಮಾಡುತ್ತೀರಿ ಸಿಸ್ಟರ್' ಎಂದಾಗ ನಾನು ಯಾರನ್ನು ನಂಬುತ್ತೇನೆ, ಯಾಕೆ ನಂಬುತ್ತೇನೆ ಎಂದು ಹೇಳಿದ್ದೇನೆ. ಕೇಳಿದವರಲ್ಲಿ ಕೆಲವರು ನನ್ನಿಂದ ಸತ್ಯವೇದ ಪಡೆದು ಓದಿದರು. ಕೆಲವರು ಸಿಗಂದೂರು ಚೌಡೇಶ್ವರಿಯ ಪ್ರಸಾದ ತಂದು ಕೊಟ್ಟು ನನಗಾಗಿ ಹರಕೆ ಹೊತ್ತಿದ್ದೇವೆ ಎಂದರು. ಇಬ್ಬರಿಗೂ ಡ್ರಿಪ್ಪು ಹಾಕುವ ಕೈ ಒಂದೇ ಆಗಿತ್ತು, ಮತ್ತು ಅದು ಅವರಿಗೆ ಗೊತ್ತಿತ್ತು. 'ಬೇಡ' ಎಂದವನಿಗೂ ಔಷಧಿ ಅಷ್ಟೇ ಸಿಗುತ್ತದೆಂದು ಖಾತ್ರಿಯಾದ ಕಡೆ ಮಾತ್ರ ಸುವಾರ್ತೆ ಹೇಳುವುದಕ್ಕೆ ಬೆಲೆ. ಆದ್ದರಿಂದ ಶಿಬಿರ ನಡೆಯುವ ಜಾಗದಲ್ಲಿ ಕೂಟ ಬೇಡ. ಕೂಟ ನಡೆಸುವುದಾದರೆ ಅಲ್ಲಿಯ ಸಭೆಯವರು ಕರೆದಾಗ, ಅವರ ಗುಡಿಯಲ್ಲಿ, ಅವರ ಹಾಡಿನ ನಡುವೆ ಒಂದಿಷ್ಟು ಹೊತ್ತು, ಸಾಕು.

ನನ್ನ ಕೋರಿಕೆಗಳು ಕೆಲವೇ. ಮೈಕಿನಲ್ಲಿ ಹೆಸರು, ಮೊತ್ತ ಓದುವುದನ್ನು ಈ ಭಾನುವಾರದಿಂದಲೇ ನಿಲ್ಲಿಸಿ. ಒಂದು ಮುಚ್ಚಿದ ಪೆಟ್ಟಿಗೆ ಇಡಿ. ಕೊಟ್ಟದ್ದು ಹೆಚ್ಚಾಯಿತು ಎನ್ನಿಸಿದವರಿಗೆ ಹಿಂದಕ್ಕೆ ಪಡೆಯುವ ಅವಕಾಶ ಕೊಡಿ, ಅದನ್ನು ಕೇಳಲು ನಾಚುವವರ ಮನೆಗೆ ಹಿರಿಯರೇ ಹೋಗಿ ಬನ್ನಿ. ಯಾರ ಮನೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹೋಗುವವರ ಪ್ರಯಾಣದ ಖರ್ಚನ್ನು ಹೋಗುವವರೇ ಭರಿಸಲಿ. ಮೂವರು ಈಗಾಗಲೇ ಹೊಸ ಕಾರಿನ ಮುಂಗಡ ಬಿಟ್ಟುಬಿಡುತ್ತೇವೆ ಎಂದಿದ್ದಾರೆ, ಅವರಿಗೆ ನನ್ನ ಶಹಬ್ಬಾಸ್. ಹದಿನಾಲ್ಕು ಮಂದಿಯ ಬದಲು ನಾಲ್ಕು ಮಂದಿ ಸಾಕು, ಅವರಲ್ಲಿ ಒಬ್ಬರಾದರೂ ಕೆಲವು ತಿಂಗಳು ಉಳಿಯುವವರಾಗಿರಲಿ. ನಮ್ಮಲ್ಲಿ ಪ್ರಯೋಗಾಲಯದ ಕೆಲಸ ಬಲ್ಲ ಹುಡುಗಿಯೊಬ್ಬಳಿದ್ದಾಳೆ, ಮಲೇರಿಯಾದ ರಕ್ತಲೇಪನ ನೋಡುವುದರಲ್ಲಿ ಪಳಗಿದವಳು. ಮಲೇರಿಯಾ ಇನ್ನೂ ಮಕ್ಕಳನ್ನು ಕೊಲ್ಲುತ್ತಿರುವ ಆ ಊರಿನಲ್ಲಿ ಅವಳು ಅಲ್ಲಿಯ ಆಸ್ಪತ್ರೆಯವರ ಕೈಕೆಳಗೆ ಕೆಲಸ ಮಾಡಿದರೆ ಹದಿನಾಲ್ಕು ಮಂದಿಯ ಟೀ ಷರ್ಟಿಗಿಂತ ಹೆಚ್ಚು ಉಪಯೋಗ. ಅವಳ ಮನೆಯವರಿಗೆ ಆ ತಿಂಗಳುಗಳ ಸಂಬಳ ಕೊಡುವುದಕ್ಕೆ ನಾವು ಪೆಟ್ಟಿಗೆಗೆ ಹಾಕೋಣ, ಅದು ಹಾಕುವಂಥ ಕಾಣಿಕೆ. ಉಳಿದ ಹಣವನ್ನು ಏನು ಮಾಡಬೇಕೆಂದು ಅಲ್ಲಿಯ ಸಭೆಯನ್ನೇ ಕೇಳಿ. ಮುಂದಿನ ವರ್ಷ ಅವರಲ್ಲಿ ಒಬ್ಬರನ್ನು ನಮ್ಮಲ್ಲಿಗೆ ಕರೆಸಿ. ನಮ್ಮ ಪೀಠದಿಂದ ಮಾತಾಡಲಿ, ಮುಳುಗಡೆಯವರ ಮನೆಯಲ್ಲಿ ಕಡುಬು ತಿನ್ನಲಿ.

ಲಸಿಕೆಗೆ ಹೆಸರು ಬರೆಸುವ ಮೊದಲು, ಅಂದರೆ ಡಿಸೆಂಬರ್ ಎರಡನೇ ಭಾನುವಾರದೊಳಗೆ, ಸಭೆಯ ಎಲ್ಲ ಸದಸ್ಯರ ಸಭೆ ಕರೆಯಿರಿ. ಖರ್ಚಿನ ಪಟ್ಟಿ, ಅಲ್ಲಿಯವರು ಬರೆದ ಆಹ್ವಾನದ ಪತ್ರ, ಅನುಮತಿಯ ಕಾಗದಗಳು ಈ ಮೂರನ್ನೂ ಮೇಜಿನ ಮೇಲೆ ಇಡಿ. ಅಲ್ಲಿ ನನ್ನ ಮಾತು ತಪ್ಪೆಂದು ತೋರಿಸಿದರೆ ನನ್ನ ಪಿಂಚಣಿಯ ಒಂದು ತಿಂಗಳ ಪಾಲನ್ನು ಅಂದೇ ಪೆಟ್ಟಿಗೆಗೆ ಹಾಕುತ್ತೇನೆ. ಸರಿಯೆಂದು ಒಪ್ಪಿದರೆ ಎರಡು ತಿಂಗಳದ್ದು. ಆ ದಿನದ ಚಹಾ, ಅವಲಕ್ಕಿಯನ್ನು ನೋಡಿಕೊಳ್ಳುತ್ತೇವೆ ಎಂದು ಸ್ತ್ರೀಯರ ಸಂಘದವರು ಆಗಲೇ ಒಪ್ಪಿದ್ದಾರೆ.

ಇಂತಿ,
ನಿಮ್ಮ ಸಭೆಯ ಸಹೋದರಿ,
ಒಬ್ಬ ನಿವೃತ್ತ ಶುಶ್ರೂಷಕಿ
ಶಿವಮೊಗ್ಗ